ಮೇಜಿನ ಮೇಲಿನ ಅಶ್ವತ್ಥ

ಬೋನ್ಸಾಯ್ ಪ್ರದರ್ಶನದ ಮೊದಲ ಬಹುಮಾನ ತನಗೇ ಎಂದು ಸುಗುಣ ಹಿಗ್ಗಿ ಹೀರೇಕಾಯಿಯಾಗಿದ್ದಳು. ಇಪ್ಪತ್ತೆಂಟು ವರ್ಷ ಕತ್ತರಿಸಿ, ತಂತಿ ಸುತ್ತಿ ಸಾಕಿದ ಗೇಣುದ್ದದ ಅಶ್ವತ್ಥ ಮೇಜಿನ ಮೇಲೆ ಗತ್ತಿನಿಂದ ನಿಂತಿತ್ತು.

ಅಷ್ಟರಲ್ಲಿ ಅಜ್ಜಿಯೊಬ್ಬರು ಚಪ್ಪಲಿ ಕಳಚಿಟ್ಟು ಮೇಜಿಗೆ ಪ್ರದಕ್ಷಿಣೆ ಶುರುಮಾಡಿದರು.

"ಅಜ್ಜೀ, ಇದು ನೋಡೋಕೆ ಇಟ್ಟಿರೋದು!"

"ನೋಡ್ಕೊಂಡೇ ಸುತ್ತುತಿದೀನಮ್ಮ. ಅಶ್ವತ್ಥಕಟ್ಟೆ ಸುತ್ತೋಕೆ ಈ ಮಂಡಿ ಬಿಡಲ್ಲ. ಇಲ್ಲಿ ಆದ್ರೆ ನೂರೆಂಟು ಸುತ್ತೂ ಸಲೀಸು!"

ನೋಡನೋಡುತ್ತಿದ್ದಂತೆ ಅಜ್ಜಿಯ ಹಿಂದೆ ಹತ್ತು ಹೆಂಗಸರು ಸಾಲುಗಟ್ಟಿದರು. ಯಾರೋ ಕುಂಡಕ್ಕೆ ಕುಂಕುಮವನ್ನೂ ಹಚ್ಚಿದರು. ಅದೇ ಹೊತ್ತಿಗೆ ತೀರ್ಪುಗಾರರು ಅಂಕಪಟ್ಟಿ ಹಿಡಿದು ಬಂದರು. ಸುಗುಣ ಅವರತ್ತ ಧಾವಿಸಿದಳು.

"ಸರ್, ಒಂದೇ ನಿಮಿಷ, ಇವರನ್ನೆಲ್ಲ ಆಚೆ ಕಳಿಸ್ತೀನಿ. ನೀವು ಅಂಕ ಹಾಕಿ."

"ಸ್ವಲ್ಪ ಇದನ್ನ ಹಿಡ್ಕೊಳ್ಳಿ," ಎಂದು ಅಂಕಪಟ್ಟಿಯನ್ನು ಅವಳ ಕೈಗಿತ್ತ ತೀರ್ಪುಗಾರರು, ಬೂಟು ಬಿಚ್ಚಿಟ್ಟು ಸಾಲಿಗೆ ಸೇರಿದರು.