ಗಿರಾಕಿ ಬಂದ ಭಾನುವಾರ

"ಆ ಹಳೇ ಗಾಡಿ ಮಾರಿ ಪುಣ್ಯ ಕಟ್ಕೊಳ್ಳಿ. ಅಂಗಳದ ತುಂಬ ಆಯಿಲ್ ಕಲೆ, ರಂಗೋಲಿ ಹಾಕೋಕೂ ಜಾಗ ಇಲ್ಲ," ಎಂದು ಹೆಂಡತಿ ವರ್ಷವಿಡೀ ಗೊಣಗಿದ ಮೇಲೆ ಅವನು ಗಿರಾಕಿಯನ್ನು ಬರಹೇಳಿದ್ದ.

ಮದುವೆಯಾದ ವರ್ಷ ಕೊಂಡ ಬೈಕು ಅದು. ಭಾನುವಾರ ಬಂತೆಂದರೆ ತಾನೇ ಬಿಚ್ಚಿ, ಒರೆಸಿ, ಜೋಡಿಸಿ ಇಲ್ಲಿಯವರೆಗೆ ಓಡಿಸಿಕೊಂಡು ಬಂದಿದ್ದ. ಮಾರಲು ಮನಸ್ಸೊಪ್ಪದೆ, ಬೆಳಿಗ್ಗೆಯೇ ಒಳ್ಳೆಯ ಸ್ಪಾರ್ಕ್ ಪ್ಲಗ್ ಬಿಚ್ಚಿ ಜೇಬಿಗಿಳಿಸಿ, ಕೆಟ್ಟುಹೋದ ಹಳೆಯದೊಂದನ್ನು ಅಲ್ಲಿ ಕೂರಿಸಿದ.

ಗಿರಾಕಿ ಬಂದು ಬೆವರು ಕಿತ್ತುಬರುವಂತೆ ಕಿಕ್ ಹೊಡೆದ. ಗಾಡಿ ಕೆಮ್ಮಲೂ ಇಲ್ಲ.

"ಇದು ಗುಜರಿಗೇ ಸರಿ ಸಾರ್," ಎಂದು ಹೊರಟುಹೋದ.

ಹೆಂಡತಿ "ಛೆ" ಎಂದು ಅಡುಗೆಮನೆ ಸೇರಿದ್ದೇ ತಡ, ಅವನು ಒಳ್ಳೆಯ ಪ್ಲಗ್ ಮತ್ತೆ ಹಾಕಿ ಒದ್ದ. ಸ್ಟಾರ್ಟ್ ಆಗಲಿಲ್ಲ. ಕಾರ್ಬುರೇಟರ್ ನೋಡಿದ, ಪೆಟ್ರೋಲ್ ಪೈಪ್ ನೋಡಿದ. ಎಲ್ಲ ಸರಿಯಾಗಿಯೇ ಇತ್ತು. ನಿಜವಾಗಿಯೂ ಕೆಟ್ಟಿತೇನೋ ಎಂದುಕೊಂಡು ಮತ್ತೆ ಮತ್ತೆ ಒದ್ದ.

ಹೆಂಡತಿ ಕಾಫಿ ಹಿಡಿದು ಹೊರಗೆ ಬಂದಳು.

"ಅವನು ಮತ್ತೆ ಬರಲ್ಲ ತಾನೆ?"

"ಇಲ್ಲ."

"ಹಾಗಾದ್ರೆ ಸೈಲೆನ್ಸರ್ ಒಳಗೆ ತುರುಕಿರೋ ನನ್ನ ಹಳೇ ಸೀರೆ ತುಂಡು ತೆಗೆದು, ಆಮೇಲೆ ಒದೀರಿ."