ಅರ್ಧ ಲೋಟ ಕಾಫಿ

ಪಿಂಗಾಣಿ ಲೋಟ ಗಾಜಿಗೆ ಬಡಿದು ಚೂರಾಯಿತು. ಗಾಜಿನ ಕೋಣೆಯೊಳಗೆ ಮೈಕಿನ ಮುಂದೆ ನಿಂತಿದ್ದ ಗಾಯಕಿ ಲುವಾಲ್ಹಾತಿ, ಹಾಡನ್ನು ಅರ್ಧಕ್ಕೆ ಬಿಟ್ಟು ಕ್ರಿಸ್ಪಿನ್‌ನ ವಂಶವನ್ನೆಲ್ಲ ಜಾಲಾಡುತ್ತಿದ್ದಳು.

ಕ್ರಿಸ್ಪಿನ್‌ನ ಗಿಟಾರ್ ನಿಂತಿತು. ಇಸಿದ್ರೋನ ಡ್ರಮ್ಮೂ ನಿಂತಿತು.

"ಮುಗೀತಾ ನಿಂದು? ಆಲ್ಬಂನ ಕೊನೇ ಹಾಡು ಕಣೆ ಇದು!" ಕ್ರಿಸ್ಪಿನ್ ಅರಚಿದ.

"ನಿನ್ನ ಗಿಟಾರ್ ಕೇಳಿ ವಾಕರಿಕೆ ಬಂತು. ಲೋಟ ಕೈಗೆ ಸಿಕ್ತು, ಎಸೆದೆ."

ಇಸಿದ್ರೋ ಕೋಲುಗಳನ್ನು ತೊಡೆಯ ಮೇಲಿಟ್ಟು ಎಡಗೈಯನ್ನು ಜೇಬಿಗೆ ತುರುಕಿಕೊಂಡ. ಅಳು ಬರುವಷ್ಟು ಸಿಟ್ಟು ಬಂದಿತ್ತು ಅವನಿಗೆ.

ಈ ಮೂವರ ತಂಡ 'ಒದ್ದೆ ಬೆಂಕಿಪೊಟ್ಟಣ' ಒಂದು ಕಾಲಕ್ಕೆ ಮನಿಲಾದ ಕಾಲೇಜು ಹುಡುಗರು ಗೋಡೆಗೋಡೆಯ ಮೇಲೆ ಗೀಚುತ್ತಿದ್ದ ಹೆಸರು. ತಂಡ ಒಡೆದ ಮೇಲೆ ಇಸಿದ್ರೋ ಕುಬಾವೊ ಬೀದಿಗಳಲ್ಲಿ ಪ್ರಯಾಣಿಕರ ಜೀಪ್ನಿ ಓಡಿಸುತ್ತ ತಲೆ ನರೆಸಿಕೊಂಡ. ಈಗ ಮೂವರೂ ಮತ್ತೆ ಒಂದಾಗಿ ಆಲ್ಬಂ ಮಾಡುವ ಹೊತ್ತಿಗೆ ಅವನ ಎಡಗೈ ನಡುಗತೊಡಗಿತ್ತು. ವಾಸಿಯಾಗುವ ಕಾಯಿಲೆಯಲ್ಲ ಎಂದಿದ್ದರು ಡಾಕ್ಟರು. ಹೆಂಡತಿಗೂ ಅವನು ಬಾಯಿ ಬಿಟ್ಟಿರಲಿಲ್ಲ. ಕ್ರಿಸ್ಪಿನ್‌ಗೆ ಗೊತ್ತಾದರೆ ಮಾರನೆಯ ದಿನವೇ ಬೇರೊಬ್ಬನನ್ನು ತಂದು ಕೂರಿಸುತ್ತಾನೆ. ಕೈ ಪೂರ್ತಿ ಸೋಲುವ ಮೊದಲು ಒಂದೇ ಒಂದು ಆಲ್ಬಂ, ಅದರ ಮೇಲೆ ತನ್ನ ಹೆಸರು. ಅವನು ಬೇಡಿದ್ದು ಅಷ್ಟೇ. ಈ ಹೆಂಗಸು ಅದಕ್ಕೂ ಕಲ್ಲು ಹಾಕುತ್ತಿದ್ದಳು.

ಸನ್ಯಾಸಿನಿಯ ಉಡುಪಿನಲ್ಲಿ ವೇದಿಕೆಗೆ ಬಂದು ಬಿಷಪ್ಪರ ಬಾಯಿಗೆ ಬಿದ್ದವಳು ಅವಳು. ವಯಸ್ಸಾದ ಮೇಲಾದರೂ ತಣ್ಣಗಾಗಿದ್ದಾಳೆಂದು ಇಸಿದ್ರೋ ನಂಬಿದ್ದ. ಸ್ಟುಡಿಯೋಗೆ ಕಾಲಿಟ್ಟ ದಿನವೇ ತಕರಾರು ತೆಗೆದಳು.

"ಎಲ್ರೂ ಒಟ್ಟಿಗೇ ಬಾರಿಸೋದು, ಹಳೇ ಥರ. ಕಿವಿಯೊಳಗೆ ಆ ಟಕ್ ಟಕ್ ಬೇಡ. ನಾವೇನು ಗಡಿಯಾರ ರಿಪೇರಿಗೆ ಬಂದಿದೀವಾ?"

ರೆಕಾರ್ಡಿಂಗ್ ನೋಡಿಕೊಳ್ಳುವ ಮಾಂಗ್ ತೆರ್ಯೊ, ತಾಳ ಅಳೆದುಕೊಡುವ ಆ ಸದ್ದನ್ನು ಗೊಣಗುತ್ತಲೇ ಬಂದ್ ಮಾಡಿದ. ಆಮೇಲೆ ಅವಳು ತನ್ನ ಮೈಕನ್ನು ಡ್ರಮ್ಮಿನ ಕಡೆಗೆ ತಿರುಗಿಸಿಕೊಂಡಳು. "ಕ್ರಿಸ್ಪಿನ್ ಮುಖ ನೋಡಿದ್ರೆ ನಿದ್ದೆ ಬರುತ್ತೆ. ನಾನು ಕುಯಾನ್ನ ನೋಡ್ಕೊಂಡೇ ಹಾಡ್ತೀನಿ."

ಇಸಿದ್ರೋಗೆ ಕುಯಾ ಎಂದು ಅಣ್ಣನ ಮರ್ಯಾದೆ ಬಾಯಲ್ಲಿ ಮಾತ್ರ. ಕಾಫಿ ಬಗ್ಗಿಸುವಾಗ ಎಲ್ಲರಿಗೂ ತುಂಬಿದ ಲೋಟ, ಅವನಿಗೆ ಅರ್ಧ. "ತುಂಬಿದ ಲೋಟಕ್ಕೆ ನಿನಗಿನ್ನೂ ಯೋಗ್ಯತೆ ಬಂದಿಲ್ಲ ಕುಯಾ," ಎಂದು ಎಲ್ಲರೆದುರು ನಗುತ್ತಿದ್ದಳು. ಇಸಿದ್ರೋ ಹಲ್ಲು ಕಚ್ಚಿಕೊಂಡು ಕುಡಿಯುತ್ತಿದ್ದ.

ಹಾಡುಗಳ ಗತಿಯಂತೂ ಕೇಳುವುದೇ ಬೇಡ. ಚೆನ್ನಾಗಿ ಹೋಗುತ್ತಿರುವಾಗಲೇ ಎಲ್ಲೋ ಒಂದು ಕಡೆ ಕಿಟಾರನೆ ಕಿರುಚುವಳು, ಇಲ್ಲವೇ ಹೊಲಸು ಬೈಗುಳ ಉದುರಿಸುವಳು. ಒಂದು ಹಾಡೂ ಅದರಿಂದ ಪಾರಾಗಲಿಲ್ಲ. ಆಲ್ಬಂನ ಪ್ರಚಾರಕ್ಕೆಂದು ಹೋದ ಟಿವಿಯ ಬೆಳಗಿನ ಕಾರ್ಯಕ್ರಮದಲ್ಲಿ ಹಾಡುತ್ತ ಹಾಡುತ್ತ ನಿರೂಪಕನ ತೊಡೆಯ ಮೇಲೆ ಕೂತು ಅವನ ಬೋಳುತಲೆಗೆ ಮುತ್ತಿಟ್ಟಳು. ಆ ರಾದ್ಧಾಂತದಲ್ಲಿ ಇಸಿದ್ರೋನ ಕೈಯಿಂದ ಕೋಲು ಜಾರಿ ಬಿದ್ದಿತ್ತು. ಪುಣ್ಯಕ್ಕೆ ಯಾರೂ ನೋಡಲಿಲ್ಲ. ಹೀಗೆ ಬೆಚ್ಚಿಬೀಳಿಸಿದರೆ ಗಟ್ಟಿ ಕೈಯೂ ತಪ್ಪುತ್ತದೆ ಎಂದು ಅವನು ಆ ದಿನವಿಡೀ ಅವಳನ್ನು ಶಪಿಸಿದ್ದ.

ಲೋಟ ಒಡೆದ ದಿನ ಕ್ರಿಸ್ಪಿನ್ ಅವನನ್ನು ಹೊರಗೆ ಕರೆದ.

"ಈ ಕಿರುಚಾಟ ಇದ್ರೆ ಯಾವ ರೇಡಿಯೋದವನೂ ಹಾಕಲ್ಲ ಅಂತಿದಾರೆ ಕಂಪನಿಯವರು. ಅವಳ ದನಿ ತೆಗೆದು ಬೇರೆಯವಳ ಹತ್ರ ಹಾಡಿಸೋಣ. ನೀನು ಹೂಂ ಅಂದ್ರೆ ಮಾತ್ರ, ಕುಯಾ."

ಇಸಿದ್ರೋ ಯೋಚಿಸಲೂ ಇಲ್ಲ. "ಹೂಂ," ಅಂದ.

ಸುದ್ದಿ ಕೇಳಿ ಲುವಾಲ್ಹಾತಿ ಜಗಳವಾಡಲಿಲ್ಲ. ಚೀಲ ಹೆಗಲಿಗೇರಿಸಿ ಅವನ ಮುಂದೆ ಬಂದು ನಿಂತಳು.

"ನನ್ನ ತೆಗೀರಿ ಅಂತ ಹೇಳಿದ್ದು ಕ್ರಿಸ್ಪಿನ್ನಾ, ನೀನಾ?"

"ನಾನೇ. ನನ್ನ ಬಾಳು ಇದರ ಮೇಲೆ ನಿಂತಿದೆ. ನಿನಗೆ ಅದು ಆಟ."

ಅವಳು ನಗಲು ನೋಡಿದಳು, ಆಗಲಿಲ್ಲ. "ನನ್ನ ಕಳಿಸಿ, ಬೇಜಾರಿಲ್ಲ. ದನಿ ಮಾತ್ರ ತೆಗೀಬೇಡಿ ಕುಯಾ. ನಿನ್ನ ಕಾಲಿಗೆ ಬೀಳ್ತೀನಿ."

ಯಾರೆದುರೂ ತಲೆ ಬಾಗದವಳು ಹಾಗೆಂದದ್ದು ಕೇಳಿ ಅವನಿಗೆ ಒಳಗೊಳಗೇ ಖುಷಿಯಾಯಿತು. ಎಷ್ಟು ಹೆಸರಿನ ಆಸೆ ಇವಳಿಗೆ ಎಂದುಕೊಂಡ.

ಹೊಸ ಗಾಯಕಿ ಬೆನಿಲ್ಡಾ ಚರ್ಚಿನ ಮೇಳದಲ್ಲಿ ಹಾಡಿ ಬೆಳೆದವಳು. ಹಿರಿಯರ ಕೈಯನ್ನು ಹಣೆಗೊತ್ತಿಕೊಂಡೇ ಒಳಗೆ ಬಂದಳು. "ತಗೊಳ್ಳಿ ಕುಯಾ," ಎಂದು ಅಂಚಿನವರೆಗೆ ತುಂಬಿದ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಇಸಿದ್ರೋ ಅದನ್ನು ಮೇಜಿನ ಮೇಲೆ ಇಡಿಸಿದ. ಎತ್ತುವ ಧೈರ್ಯವಾಗಲಿಲ್ಲ.

"ಮೊದಲು ಬರೀ ಡ್ರಮ್ ಕೇಳ್ಲಿ ಈ ಹುಡುಗಿ. ತಾಳ ಹಿಡಿಯೋಕೆ ಸುಲಭ," ಎಂದ ಮಾಂಗ್ ತೆರ್ಯೊ ಲುವಾಲ್ಹಾತಿಯ ದನಿಯನ್ನು ಬಂದ್ ಮಾಡಿದ. ಗಿಟಾರನ್ನೂ ಬಂದ್ ಮಾಡಿದ.

ಡ್ರಮ್ ಒಂದೇ ಉಳಿಯಿತು. ಬೆನಿಲ್ಡಾ ಬೆರಳಲ್ಲಿ ಎಣಿಸುತ್ತಿದ್ದವಳು ನಿಲ್ಲಿಸಿದಳು. ಕ್ರಿಸ್ಪಿನ್ ಹುಬ್ಬು ಗಂಟಿಕ್ಕಿದ. ಮಾಂಗ್ ತೆರ್ಯೊ ಇನ್ನೊಂದು ಹಾಡು ಹಾಕಿದ, ಮತ್ತೊಂದು ಹಾಕಿದ.

"ಅವಳೇ ತಾಳ ಕೆಡಿಸಿರ್ಬೇಕು. ಅವಳ ದನಿ ಸೇರಿಸಿ ನೋಡಿ," ಎಂದ ಕ್ರಿಸ್ಪಿನ್.

ಮಾಂಗ್ ತೆರ್ಯೊ ಸೇರಿಸಿದ. ಮೂವರೂ ಇಸಿದ್ರೋ ಎಡಗೈ ತುರುಕಿಕೊಂಡಿದ್ದ ಜೇಬಿನ ಕಡೆ ನೋಡಿದರು.

ಅವಳು ಕಿರುಚಿದ್ದ ಪ್ರತಿಯೊಂದು ಜಾಗದಲ್ಲೂ, ಕಿರುಚುವುದಕ್ಕೆ ಅರೆಕ್ಷಣ ಮೊದಲು, ಅವನ ಎಡಗೈ ತಪ್ಪಿತ್ತು.