ಬೋಲ್ಟಿನ ಕೆಳಗಿನ ಬಣ್ಣ

"ಕೀ ತಿರುಗಿಸೋಕೆ ಹೇಳಿ ಅತ್ತಿಗೆ," ಎಂದ ತಮ್ಮ, ದೋಣಿಯ ಹಿಂತುದಿಯಲ್ಲಿ ಮೋಟರಿನ ಮುಚ್ಚಳ ತೆಗೆದು ಕೂತವನು.

"ತಿರುಗಿಸ್ತಾ ಇದ್ದೀನಿ ಅಂತ ಹೇಳು ಅವನಿಗೆ," ಎಂದ ಅಣ್ಣ, ಅದೇ ದೋಣಿಯಲ್ಲಿ ಎರಡು ಮಾರು ದೂರದಿಂದ.

ಮೋಟರು ಉಬ್ಬಸ ಹಿಡಿದ ಮುದುಕನಂತೆ ಒಮ್ಮೆ ಎಳೆದು, ಇನ್ನೊಮ್ಮೆ ಎಳೆದು ಸುಮ್ಮನಾಯಿತು. ದಡದ ಕಟ್ಟೆಯ ಮೇಲೆ ನಿಂತಿದ್ದ ಅತ್ತಿಗೆಗೆ ರೇಗಿಹೋಯಿತು. "ನಾನೇನು ನಿಮ್ಮಿಬ್ಬರ ಮಧ್ಯೆ ಟಪಾಲು ಪೆಟ್ಟಿಗೆನಾ? ಬಾಯಿಲ್ವಾ ನಿಮಗೆ?"

ಬಾಯಿ ಇತ್ತು. ಅಣ್ಣನಿಗಂತೂ ಜಾಸ್ತಿಯೇ ಇತ್ತು, ಆದದ್ದೆಲ್ಲ ಅದರಿಂದಲೇ. ತಮ್ಮ ದೋಣಿಗೆ ದೀಪ ಜೋಡಿಸಿದ ಮೇಲೆ ಮೋಟರು ಹತ್ತಿಕೊಳ್ಳಲು ಸತಾಯಿಸತೊಡಗಿತ್ತು, ಬ್ಯಾಟರಿಯೂ ಚಾರ್ಜ್ ಆಗುತ್ತಿರಲಿಲ್ಲ. "ನಿನ್ನ ದರಿದ್ರ ದೀಪ ಬ್ಯಾಟರಿ ನುಂಗ್ತಿದೆ. ಇನ್ನು ನನ್ನ ದೋಣಿ ಹತ್ಬೇಡ," ಎಂದು ಅಣ್ಣ ಕಟ್ಟೆಯ ತುಂಬ ಜನರಿದ್ದಾಗ ಕೂಗಾಡಿ, ದೀಪವನ್ನೆಲ್ಲ ಕಿತ್ತೆಸೆದಿದ್ದ. ತಮ್ಮ ಎದುರಾಡದೆ ಇಳಿದು ಹೋಗಿದ್ದ. ಈಗ ಆಚೆ ದಡದ ದೋಣಿಯವರಲ್ಲಿ ಕೆಲಸ ಹಿಡಿದಿದ್ದ, ಇವತ್ತೇ ಹೊರಡುವವನು. ಹೋಗುವ ಮುಂಚೆ ಒಂದು ಸಲ ನೋಡಪ್ಪ ಎಂದು ಅತ್ತಿಗೆ ಗೋಗರೆದದ್ದಕ್ಕೆ ಬಂದಿದ್ದ. ಅವನು ಇಲ್ಲೇ ಉಳಿಯಲಿ ಎಂದು ಅಣ್ಣನಿಗೆ ಒಳಗೊಳಗೇ ಆಸೆ. ಯಾವ ಮುಖ ಇಟ್ಟುಕೊಂಡು ಹೇಳುವುದು?

ತಮ್ಮ ಬ್ಯಾಟರಿಗೆ ಮೀಟರು ಹಿಡಿದು ನೋಡಿದ. ನಿನ್ನೆಯಷ್ಟೇ ಪೇಟೆಯಲ್ಲಿ ಚಾರ್ಜ್ ಮಾಡಿಸಿ ತಂದದ್ದು, ಗಟ್ಟಿಯಾಗಿಯೇ ಇತ್ತು. ಆಮೇಲೆ ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೂ ಇನ್ನೊಂದನ್ನು ಮೋಟರಿನ ಮೈಗೂ ತಾಗಿಸಿ, ಕೀ ತಿರುಗಿಸಲಿ ಎಂದು ಅತ್ತಿಗೆಯತ್ತ ಸನ್ನೆ ಮಾಡಿದ. ಸೊನ್ನೆಯ ಹತ್ತಿರವೇ ಇರಬೇಕಾದ ಮುಳ್ಳು ಸರ್ರನೆ ಮೇಲೇರಿತು.

"ಕರೆಂಟು ದಾರೀಲೇ ಸಿಕ್ಕಿ ಹಾಕ್ಕೊಂಡಿದೆ," ಎಂದು, ಬ್ಯಾಟರಿಯಿಂದ ಮೋಟರಿನ ಮೈಗೆ ಬರುವ ಅರ್ಥ್ ವೈರಿನ ಬೋಲ್ಟು ಬಿಚ್ಚಿದ. ಕೆಳಗೆ ನೀಲಿ ಬಣ್ಣ. ಎರಡು ಕೋಟು, ಚೊಕ್ಕವಾಗಿ.

ಬಣ್ಣ ಅಣ್ಣನದು. ಹೊಸ ದೀಪಕ್ಕೆ ಒಪ್ಪಬೇಕು ಎಂದು, ದೀಪ ಹಾಕಿದ ವಾರವೇ ಮೋಟರಿನ ಒಂದೊಂದೇ ಬೋಲ್ಟು ಬಿಚ್ಚಿ, ಸಂದುಗೊಂದು ಬಿಡದೆ ಬಳಿದಿದ್ದ.

"ಬಣ್ಣದ ಮೇಲೆ ವೈರು ಕೂತ್ರೆ ಇನ್ನೇನಾಗುತ್ತೆ ಅತ್ತಿಗೆ? ಸ್ಟಾರ್ಟ್ ಆಗೋಕೂ ಇದೇ ದಾರಿ, ಚಾರ್ಜ್ ಆಗೋಕೂ ಇದೇ ದಾರಿ." ಬಳಿದವರು ಯಾರು ಎಂದು ಅವನು ಕೇಳಲಿಲ್ಲ. ಲೋಹ ಹೊಳೆಯುವ ತನಕ ಉಜ್ಜಿ, ವೈರು ಕೂರಿಸಿ, ಬೋಲ್ಟು ಬಿಗಿದ. ಆಮೇಲೆ ಮೊದಲ ಸಲ ಅಣ್ಣನ ಕಡೆ ತಿರುಗಿದ.

"ದೀಪ ಕಿತ್ತ ಮೇಲೆ ಮೋಟರು ಸರಿಹೋಗಿತ್ತಾ ಅಣ್ಣ?"

"ಇಲ್ಲ ಕಣೋ."

"ಅವತ್ತೇ ಒಂದು ಮಾತು ಹೇಳಿ ಕಳಿಸ್ಬಹುದಿತ್ತಲ್ಲ."

ಅಣ್ಣ ಹೆಂಡತಿಯ ಮುಖ ನೋಡಿದ. ಅವಳು ನೀರಿನ ಕಡೆ ನೋಡುತ್ತ ನಿಂತುಬಿಟ್ಟಳು.

"ತಪ್ಪು ನಂದೇ," ಎಂದ ಅಣ್ಣ. "ಹೋಗ್ಬೇಡ ಕಣೋ. ಇಲ್ಲೇ ಇದ್ಬಿಡು."

"ಅವರಿಗೆ ಮಾತು ಕೊಟ್ಟಾಯ್ತು ಅಣ್ಣ. ನನ್ನನ್ನೇ ನಂಬ್ಕೊಂಡು ಕೂತಿದ್ದಾರೆ." ಆ ದನಿಯಲ್ಲಿ ಕೋಪದ ಸುಳಿವೇ ಇರಲಿಲ್ಲ. ಇದ್ದಿದ್ದರೆ ಜಗಳವಾಡಿಯಾದರೂ ಉಳಿಸಿಕೊಳ್ಳಬಹುದಿತ್ತು ಎನಿಸಿತು ಅಣ್ಣನಿಗೆ. ತಮ್ಮ ಕಟ್ಟೆಯ ಮೇಲಿದ್ದ ತನ್ನ ಟ್ರಂಕನ್ನು ದೋಣಿಗೆ ಇಳಿಸಿಕೊಂಡ. "ಆಚೆ ದಡಕ್ಕೆ ನೀನೇ ಬಿಟ್ಬಿಡು."

ಹಾಳಾದ್ದು, ಇವತ್ತೊಂದು ದಿನ ಕೈಕೊಡಲಿ ಎಂದುಕೊಳ್ಳುತ್ತಲೇ ಅಣ್ಣ ಕೀ ತಿರುಗಿಸಿದ. ಮೋಟರು ಒಂದೇ ಏಟಿಗೆ ಹತ್ತಿಕೊಂಡಿತು.